ಸಂಗ್ರಹದ ಪಿನ್ ಕೊಂಡು ಮಾರುವುದು: ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಶುರು ಮಾಡುವವರಿಗೆ

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಿಂದ ಎರಡು ಓಣಿ ಒಳಗೆ ನಮ್ಮದೊಂದು ಸಣ್ಣ ಅಂಗಡಿ. ಟ್ರೋಫಿ, ನಾಮಫಲಕ, ಶಾಲೆಯ ಬ್ಯಾಡ್ಜು ಮಾಡಿಸಿಕೊಡುತ್ತೇವೆ. ಏಳೆಂಟು ವರ್ಷದ ಹಿಂದೆ ಒಬ್ಬ ಹುಡುಗ ಬಂದು, ಗಾಜಿನ ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಅಂಗಿಗೆ ಚುಚ್ಚಿಕೊಳ್ಳುವ ಆನೆಯ ಪಿನ್ನೊಂದನ್ನು ತೋರಿಸಿ, "ಇದು ಕೊಡೂದೈತೇನ್ರೀ?" ಅಂದ. 1982ರ ದಿಲ್ಲಿ ಏಷ್ಯನ್ ಗೇಮ್ಸಿನ ಅಪ್ಪು. ನಮ್ಮಪ್ಪ ಯಾವಾಗಲೋ ಮಾದರಿಗೆಂದು ತಂದಿಟ್ಟದ್ದು. ಬಾಯಿಗೆ ಬಂದಂತೆ ಐವತ್ತು ರೂಪಾಯಿ ಎಂದೆ. ಅವನು ನೂರರ ನೋಟು ಇಟ್ಟು ಚಿಲ್ಲರೆಗೂ ನಿಲ್ಲದೆ ಹೋದ. ಚೌಕಾಸಿ ಮಾಡದ ಗಿರಾಕಿ ಬಂದು ಹೋದರೆ ಅಂಗಡಿಕಾರನಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ನನಗೂ ಬರಲಿಲ್ಲ. ಮೊಬೈಲ್ ಹಿಡಿದು ಹುಡುಕುತ್ತ ಕೂತೆ, ಪಿನ್ನಿನ ವ್ಯಾಪಾರ ಅನ್ನುವುದೊಂದು ಲೋಕವೇ ಇದೆ ಅಂತ ಅವತ್ತು ಗೊತ್ತಾಯಿತು.

ಇದರಿಂದ ಮನೆ ಕಟ್ಟಿಸಿದ್ದೇನೆ ಅಂತ ಹೇಳಲಾರೆ. ಅಂಗಡಿಯ ಬಾಡಿಗೆಗೆ ಒಂದು ಆಸರೆಯಾಗಿದೆ, ಅಷ್ಟೆ. ಹೊಸದಾಗಿ ಕೈ ಹಾಕುವವರು ಕೇಳಿದಾಗಲೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ಸಾಲಿಗೆ ತಂದಿದ್ದೇನೆ.

ಮೊದಲು ‘ಲಿಮಿಟೆಡ್’ ಅನ್ನುವ ಮಾತನ್ನು ಅರ್ಥ ಮಾಡಿಕೊಳ್ಳಿ

ಪಿನ್ ಹಚ್ಚಿಕೊಳ್ಳುವ ಚಟ ಹಳೆಯದು. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಆಟಗಾರರು ಯಾರು, ಅಧಿಕಾರಿಗಳು ಯಾರು ಅಂತ ಗುರುತು ಸಿಗಲಿ ಎಂದು ರಟ್ಟಿನ ಬಿಲ್ಲೆ ಕೊಟ್ಟಿದ್ದರು. ಒಲಿಂಪಿಕ್ ಪಿನ್ನಿನ ವಂಶ ಅಲ್ಲಿಂದ ಶುರು. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸಿಗೆ ಬರುವ ಹೊತ್ತಿಗೆ ಕೋಕಾ ಕೋಲಾ ಕಂಪನಿ ಪಿನ್ ಅದಲು ಬದಲು ಮಾಡಿಕೊಳ್ಳಲೆಂದೇ ಒಂದು ಕೇಂದ್ರ ತೆರೆಯಿತು. ಡಿಸ್ನಿಯವರು 1999ರಲ್ಲಿ ಫ್ಲಾರಿಡಾದ ತಮ್ಮ ಪಾರ್ಕಿನಲ್ಲಿ ಪಿನ್ ಟ್ರೇಡಿಂಗ್ ಶುರು ಮಾಡಿದ ಮೇಲೆ ಇದು ದೊಡ್ಡ ವ್ಯಾಪಾರವೇ ಆಯಿತು. ‘ಎಲ್‌ಇ’ ಅಂದರೆ ಲಿಮಿಟೆಡ್ ಎಡಿಷನ್, ಇಂತಿಷ್ಟೇ ಮಾಡಿದ್ದೇವೆ ಅಂತ ಸಂಖ್ಯೆ ಹಿಂಬದಿಯಲ್ಲಿ ಒತ್ತಿರುತ್ತಾರೆ. ‘ಎಲ್‌ಆರ್’ ಅಂದರೆ ಸ್ವಲ್ಪ ದಿನ ಮಾತ್ರ ಮಾರಿದ್ದು, ಎಷ್ಟು ಮಾಡಿದರೋ ಹೇಳುವುದಿಲ್ಲ. ‘ಎಪಿ’ ಅಂದರೆ ಆರ್ಟಿಸ್ಟ್ ಪ್ರೂಫ್, ನೋಡುವುದಕ್ಕೆಂದು ತೆಗೆದ ಕೆಲವೇ ಪ್ರತಿಗಳು. ಈ ಮೂರು ಅಕ್ಷರಗುಚ್ಛ ತಿಳಿದಿದ್ದರೆ ಅರ್ಧ ಜಾಹೀರಾತು ಓದಬಹುದು.

ಹೊಸಬರು ಮೋಸ ಹೋಗುವುದು ಇಲ್ಲಿಯೇ. ಹಿಂಬದಿಯ ಸಂಖ್ಯೆ ಎಷ್ಟು ಪಿನ್ ಇವೆ ಅನ್ನುವುದನ್ನು ಹೇಳುತ್ತದೆ, ಎಷ್ಟು ಜನಕ್ಕೆ ಬೇಕು ಅನ್ನುವುದನ್ನಲ್ಲ. ಯಾವುದೋ ಸಿಮೆಂಟ್ ಕಂಪನಿಯ ಬೆಳ್ಳಿಹಬ್ಬಕ್ಕೆ ಮುನ್ನೂರೇ ಪಿನ್ ಮಾಡಿಸಿರಬಹುದು. ಮುನ್ನೂರೂ ಹಾಗೆಯೇ ಬಿದ್ದಿರುತ್ತವೆ, ಕೇಳುವವರಿಲ್ಲ. ಹಳೆಯದು ಅನ್ನುವುದೂ ಅಷ್ಟೆ. ಸೋವಿಯತ್ ಕಾಲದ ಲೆನಿನ್ ಬ್ಯಾಡ್ಜು, 1980ರ ಮಾಸ್ಕೋ ಒಲಿಂಪಿಕ್ಸಿನ ಮಿಶಾ ಕರಡಿ ಇವು ಕಾರ್ಮಿಕ ಸಂಘಟನೆಯಲ್ಲಿದ್ದ ಹಿರಿಯರ ಮನೆಯಲ್ಲಿ ಇವತ್ತಿಗೂ ಸಿಗುತ್ತವೆ. ನೋಡಲು ಚಂದ, ನಲವತ್ತು ವರ್ಷ ಹಳೆಯವು. ಆದರೆ ರಾಶಿರಾಶಿ ಅಚ್ಚು ಹಾಕಿದ್ದು, ಹೆಚ್ಚಿನವು ಚಹಾ-ಮಂಡಕ್ಕಿಯ ಬೆಲೆಗೆ ಹೋಗುತ್ತವೆ.

ಏನು ಮಾರುತ್ತೀರಿ ಅಂತ ಗೊತ್ತು ಮಾಡಿಕೊಳ್ಳಿ

ಶುರುವಿಗೆ ಎಲ್ಲರೂ ಡಿಸ್ನಿ ಪಿನ್ನಿನ ಹಿಂದೆ ಓಡುತ್ತಾರೆ. ನಾನೂ ಓಡಿದೆ. ಯೋಚನೆ ಮಾಡಿ ನೋಡಿ: ಡಿಸ್ನಿಯ ಪಾರ್ಕು ಭಾರತದಲ್ಲಿ ಒಂದೂ ಇಲ್ಲ. ಅಲ್ಲಿ ಬೆಳಿಗ್ಗೆ ಸರತಿಯಲ್ಲಿ ನಿಂತು ಕೊಂಡವನು ಸಂಜೆಗೇ ಮಾರಿರುತ್ತಾನೆ, ಅದು ಎರಡು ಕೈ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಲಾಭವೆಲ್ಲ ದಾರಿಯಲ್ಲೇ ಸೋರಿರುತ್ತದೆ. ಮೇಲೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಕೊರಿಯರಿನವರ ಕೈಕೂಲಿ. ಮಾರಾಟಕ್ಕೆಂದು ತರಿಸುವುದಾದರೆ ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ ಕೊಡುವ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಬೇಕು. ಬಳಸಿದ ಸರಕನ್ನು ಹೊರಗಿಂದ ತರಿಸುವುದಕ್ಕೆ ಬೇರೆಯೇ ನಿರ್ಬಂಧ ಇದೆ. ‘ಗಿಫ್ಟ್’ ಅಂತ ಬರೆಸಿ ಸುಂಕವಿಲ್ಲದೆ ತರಿಸುವ ಹಾದಿಯನ್ನು 2019ರಲ್ಲೇ ಮುಚ್ಚಿದ್ದಾರೆ.

ಇದನ್ನೇ ತಿರುಗಿಸಿ ನೋಡಿ. ಅವರಿಗೆ ಸಿಗದೆ ನಮಗೆ ಸಿಗುವುದು ಏನು? ನಾನು ಮೂರರಲ್ಲಿ ನಿಂತಿದ್ದೇನೆ.

ಒಂದು, ಲಯನ್ಸ್ ಮತ್ತು ರೋಟರಿ ಕ್ಲಬ್ಬುಗಳ ಪಿನ್ನು. ಲಯನ್ಸ್ ಅಂತಾರಾಷ್ಟ್ರೀಯ ಸಮಾವೇಶಗಳಲ್ಲಿ ಪಿನ್ ಅದಲು ಬದಲು ಮಾಡುವುದು ಒಂದು ಹಬ್ಬವಿದ್ದಂತೆ. ಹುಬ್ಬಳ್ಳಿ, ಗದಗ, ಹಾವೇರಿಯ ಎಷ್ಟೋ ವರ್ತಕರ ಮನೆಯಲ್ಲಿ ಅಜ್ಜಂದಿರು ವೆಲ್ವೆಟ್ ಬಟ್ಟೆಗೆ ಚುಚ್ಚಿಟ್ಟ ಇಂಥ ಪಿನ್ನುಗಳು ಇವೆ. ಅಜ್ಜ ಹೋದ ಮೇಲೆ ಅವು ಮಾಳಿಗೆ ಸೇರಿವೆ. ಎರಡು, ಕ್ರೀಡಾಕೂಟದ್ದು: 1982ರ ಅಪ್ಪು, 2010ರ ದಿಲ್ಲಿ ಕಾಮನ್‌ವೆಲ್ತ್ ಗೇಮ್ಸಿನ ಹುಲಿ ಶೇರಾ. 2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದಿಗೆ ಬಂದಿದೆ, ಹಳೆಯ ಶೇರಾನನ್ನು ಕೇಳುವವರು ಹೆಚ್ಚಬಹುದು ಅಂತ ನಾನು ಹದಿನೈದು ಪಿನ್ ತೆಗೆದಿಟ್ಟಿದ್ದೇನೆ. ಇದು ನನ್ನ ಜೂಜು, ನೀವು ಆಡಬೇಕಂತಿಲ್ಲ. ಮೂರನೆಯದು ರೈಲ್ವೆ. ಹುಬ್ಬಳ್ಳಿಯವರಾಗಿ ರೈಲ್ವೆ ಬಿಲ್ಲೆ ಬಿಟ್ಟರೆ ಹೇಗೆ?

ರೈಲ್ವೆ ಬಿಲ್ಲೆಗೆ ಒಂದು ಅನುಕೂಲ ಇದೆ, ಅದರ ಮೇಲಿನ ಅಕ್ಷರಗಳೇ ವಯಸ್ಸು ಹೇಳುತ್ತವೆ. ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಆದದ್ದು 1908ರಲ್ಲಿ, ಅದು ಸದರ್ನ್ ರೈಲ್ವೆಯೊಳಗೆ ಸೇರಿದ್ದು 1951ರಲ್ಲಿ. ಹಾಗಾಗಿ ‘ಎಂಎಸ್‌ಎಂ’ ಅಂತಿದ್ದರೆ ಆ ನಡುವಿನದು. ಹುಬ್ಬಳ್ಳಿ ವಿಭಾಗ 1966ರ ಅಕ್ಟೋಬರಿನಲ್ಲಿ ಸೌತ್ ಸೆಂಟ್ರಲ್ ರೈಲ್ವೆಗೆ (ಎಸ್‌ಸಿಆರ್) ಹೋಯಿತು, 2003ರಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡು ಸೌತ್ ವೆಸ್ಟರ್ನ್ ಬಂತು. ಮಾರುವವನು "ಇದು ಬ್ರಿಟಿಷರ ಕಾಲದ್ದು ಸರ" ಅಂತ ‘ಎಸ್‌ಸಿಆರ್’ ಬಿಲ್ಲೆ ಕೈಗಿಟ್ಟರೆ ನಗುತ್ತ ವಾಪಸು ಕೊಡಿ.

ರೈಲ್ವೆ ಸಾಮಾನಿಗೆ ಎರಡು ಎಚ್ಚರಿಕೆ ಬೇಕು. ಈಗ ಚಾಲ್ತಿಯಲ್ಲಿರುವ ಸಮವಸ್ತ್ರದ ಬಿಲ್ಲೆ, ಪೊಲೀಸ್ ಮತ್ತು ಸೇನೆಯ ಚಿಹ್ನೆ ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬೇಡಿ, ಅದು ಯಾರ ಕೈಗೆ ಹೋಗಿ ಏನಾಗುತ್ತದೋ ಹೇಳಲಾಗದು. ಇನ್ನೊಂದು, 1972ರ ಪುರಾವಸ್ತು ಕಾಯ್ದೆ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತು ‘ಪುರಾವಸ್ತು’ ಅನಿಸಿಕೊಳ್ಳುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಎಂಎಸ್‌ಎಂನ ಮೊದಮೊದಲ ಬಿಲ್ಲೆಗಳು ಈಗ ಆ ಗೆರೆ ದಾಟಿವೆ. ಅಂಥದ್ದು ಸಿಕ್ಕರೆ ನಾನು ಮಾರಾಟಕ್ಕೆ ಇಡುವುದಿಲ್ಲ, ಮನೆಯ ಡಬ್ಬಿಗೆ ಹಾಕುತ್ತೇನೆ.

ಒಂದು ತಿಂಗಳು ರೊಕ್ಕ ಬಿಚ್ಚಬೇಡಿ

ಇದು ಕಷ್ಟ, ಗೊತ್ತು. ಆದರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಬರೀ ಬೆಲೆ ಬರೆಯಿರಿ. ಕೇಳಿದ ಬೆಲೆ ಬೇಡ, ಮಾರಾಟವಾದ ಬೆಲೆ ಬೇಕು. ಈಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ‘ಸೋಲ್ಡ್ ಐಟಮ್ಸ್’ ಅಂತ ಒಂದು ಗುರುತು ಹಾಕಿದರೆ ನಿಜಕ್ಕೂ ಕೈ ಬದಲಾದ ಪಿನ್ನುಗಳಷ್ಟೇ ಕಾಣುತ್ತವೆ. ಐದು ಸಾವಿರ ಅಂತ ಹಾಕಿ ಮೂರು ವರ್ಷದಿಂದ ಕೂತವನ ಬೆಲೆ ನೋಡಿ ನೀವು ಲೆಕ್ಕ ಹಾಕಿದರೆ, ಮುಂದಿನ ಮೂರು ವರ್ಷ ಅವನ ಪಕ್ಕದಲ್ಲಿ ನೀವು ಕೂರುತ್ತೀರಿ. ಒಂದೇ ಪಿನ್ನಿಗೆ ಕನಿಷ್ಠ ನಾಲ್ಕು ಮಾರಾಟ ಸಿಗುವವರೆಗೆ ಅದರ ಬೆಲೆ ಗೊತ್ತಾಯಿತು ಅಂತ ತಿಳಿಯಬೇಡಿ.

ಸರಕು ಎಲ್ಲಿ ಸಿಗುತ್ತದೆ

ದುರ್ಗದಬೈಲು, ಜನತಾ ಬಜಾರಿನ ಸುತ್ತ ಅಡ್ಡಾಡಿದರೆ ಹೊಸ ಪಿನ್ನೇ ಸಿಗುವುದು. ಹಳೆಯದು ಬೇಕಾದರೆ ಮೋಡಕಾ, ಅಂದರೆ ಗುಜರಿ ಅಂಗಡಿಗಳಿಗೆ ಹೋಗಬೇಕು. ಹಿತ್ತಾಳೆ ಕಿಲೋ ಲೆಕ್ಕದಲ್ಲಿ ಹೋಗುವ ಮುಂಚೆ ನಿಮ್ಮ ಕಣ್ಣಿಗೆ ಬೀಳಬೇಕು. ನಾನು ಇಬ್ಬರು ಮೋಡಕಾದವರಿಗೆ ಹೇಳಿಟ್ಟಿದ್ದೇನೆ, "ಎದೀಗೆ ಹಚ್ಚೂದು ಏನ್ ಬಂದ್ರೂ ಒಂದ್ ಫೋಟೋ ಹಾಕ್ರಿ" ಅಂತ. ಫೋಟೋ ಬಂದ ದಿನ ಹೋಗಬೇಕು, ಏನೂ ಇಲ್ಲದಿದ್ದರೂ ಚಹಾ ಕುಡಿಸಿ ಬರಬೇಕು. ಎರಡು ಸಲ ಹೋಗದೆ ಇದ್ದರೆ ಮೂರನೆಯ ಸಲ ಫೋಟೋ ಬರುವುದಿಲ್ಲ.

ಹೊಸದರಲ್ಲಿ ಕಾಮಿಕ್ಸ್ ಪ್ರಿಯರ ಮೇಳವಾದ ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗಿ ಬರಬಹುದು, ಅಲ್ಲಿ ನಮ್ಮವರೇ ಚಿತ್ರಕಾರರು ತಾವೇ ಬರೆದು ಮಾಡಿಸಿದ ಪಿನ್ ಮಾರುತ್ತಾರೆ. ಅವರ ಸ್ವಂತದ ಚಿತ್ರವಾದರೆ ಕೊಳ್ಳಿ. ಯಾವುದೋ ಸಿನಿಮಾದ ಪಾತ್ರವನ್ನು ಅಪ್ಪಣೆಯಿಲ್ಲದೆ ಹಾಕಿದ್ದಾದರೆ ಬಿಡಿ, ಮುಂದೆ ಮಾರುವಾಗ ಹಕ್ಕಿನ ತಕರಾರು ನಿಮ್ಮ ತಲೆಗೆ ಬರುತ್ತದೆ.

ಆದರೆ ನಿಜವಾದ ಸರಕು ಇರುವುದು ಮನೆಗಳಲ್ಲಿ. ಒಂದು ಮಧ್ಯಾಹ್ನದ ಮಾತು ಹೇಳುತ್ತೇನೆ. ಗದಗ ರಸ್ತೆಯ ಕಡೆ ನಿವೃತ್ತ ರೈಲ್ವೆ ನೌಕರರೊಬ್ಬರ ಮನೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅಜ್ಜಿ ಅಡಿಕೆ ಡಬ್ಬಿ ತಂದು ಚಾಪೆಯ ಮೇಲೆ ಸುರಿದರು. ಅಡಿಕೆಯ ಚೂರು, ಎರಡು ಸೂಜಿ, ಒಂದು ಹಳೆಯ ನಾಕಾಣೆ, ಯೂನಿಯನ್ನಿನ ಬ್ಯಾಡ್ಜು ಐದು, ಹಿತ್ತಾಳೆ ಬಿಲ್ಲೆ ಎರಡು. ನಾನು ಮಸೂರ ಹಿಡಿದು ನೋಡಿ, "ಅಜ್ಜೀ, ಈ ದೊಡ್ಡ ಬಿಲ್ಲೆಕ್ಕ ನನಗ ಎಂಟನೂರು ಬರಬಹುದು. ನಾ ಐದನೂರು ಕೊಡ್ತೀನಿ. ಉಳಿದದ್ದು ನನ್ನ ದುಡಿಮೆ" ಅಂದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದರು. "ಇದೊಂದು ಇರಲಿ ತಮ್ಮಾ, ಇದನ್ನ ಹಚ್ಕೊಂಡ ನನ್ನ ನೋಡಾಕ ಬಂದಿದ್ರು. ಉಳಿದಾವು ಒಯ್ಯಿ." ಒಯ್ದೆ. ಆ ದಿನ ದೊಡ್ಡ ಲಾಭವೇನೂ ಆಗಲಿಲ್ಲ. ಮುಂದಿನ ವಾರ ಅದೇ ಓಣಿಯಿಂದ ಮೂರು ಮನೆಯವರು ತಾವಾಗಿ ಫೋನ್ ಮಾಡಿದರು, "ಬೆಲಿ ಮುಂಚೇನ ಹೇಳ್ತೀರಂತ ನೀವು" ಅಂತ. ಮನೆಯಿಂದ ಕೊಳ್ಳುವಾಗ ನಿಮಗೆ ಎಷ್ಟು ಬರಬಹುದು ಅಂತ ಬಾಯಿಬಿಟ್ಟು ಹೇಳಿ. ಊರು ಸಣ್ಣದು, ಕದ್ದುಮುಚ್ಚಿದ್ದು ಎರಡು ದಿನ ನಿಲ್ಲುವುದಿಲ್ಲ.

ಒಂದೊಂದೇ ಪಿನ್ ಅಲ್ಲದೆ ಇಡೀ ಟ್ರೇ ಕೊಡುತ್ತೇವೆ ಅಂದಾಗ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ನಲವತ್ತು ಲಯನ್ಸ್ ಪಿನ್ನಿಗೆ ಎರಡು ಸಾವಿರ ಅಂದರು ಅಂತಿಟ್ಟುಕೊಳ್ಳಿ. ಒಂದಕ್ಕೆ ಐವತ್ತು ಬಿತ್ತು ಅಂತ ಭಾಗಾಕಾರ ಮಾಡಿ ಖುಷಿಪಡಬೇಡಿ. ಆ ನಲವತ್ತರಲ್ಲಿ ಎರಡು ಸಾವಿರವನ್ನು ಒಂದು ತಿಂಗಳಲ್ಲಿ ಮರಳಿ ತರುವ ಆರು ಪಿನ್ ಯಾವುವು? ಅಲ್ಲೇ ಬೆರಳಿಟ್ಟು ತೋರಿಸಲು ಆದರೆ ಕೊಳ್ಳಿ. ತೋರಿಸಲು ಆಗದಿದ್ದರೆ ಆ ಟ್ರೇ ನಿಮ್ಮದಲ್ಲ. ಉಳಿದ ಮೂವತ್ತನಾಲ್ಕು ಹೇಗೂ ವರ್ಷಗಟ್ಟಲೆ ಕೂರುತ್ತವೆ.

ಅಸಲಿ, ನಕಲಿ

ಇಲ್ಲಿ ನಾನು ಕೊಟ್ಟ ಫೀ ಮೂರೂವರೆ ಸಾವಿರ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ‘ಐವತ್ತು ಬೇರೆಬೇರೆ ಲಿಮಿಟೆಡ್ ಡಿಸ್ನಿ ಪಿನ್’ ಅಂತ ಹಾಕಿದ್ದ. ಒಂದಕ್ಕೆ ಎಪ್ಪತ್ತು ರೂಪಾಯಿ! ಪೊಟ್ಟಣ ಬಿಚ್ಚಿದಾಗ ಮಿರಿಮಿರಿ ಮಿಂಚುತ್ತಿದ್ದವು. ನನ್ನ ಕಸುಬೇ ಬ್ಯಾಡ್ಜು ಮಾಡಿಸುವುದು, ಆದರೂ ಆಸೆಗೆ ಕಣ್ಣು ಮುಚ್ಚಿತ್ತು. ಎರಡು ದಿನ ಬಿಟ್ಟು ಮಸೂರ ಹಿಡಿದಾಗ ಸಿಕ್ಕಿಬಿದ್ದವು. ಒಂದೇ ಚಿತ್ರದ ಎರಡು ಪಿನ್ ಇದ್ದವು, ಎರಡರಲ್ಲೂ ಎಡ ಕಿವಿಯ ಅಂಚಿನಲ್ಲಿ, ಅದೇ ಜಾಗದಲ್ಲಿ, ಅದೇ ಗಾತ್ರದ ಒಂದು ಸಣ್ಣ ಗುಳಿ. ಬಣ್ಣ ತುಂಬುವಾಗ ಗಾಳಿಗುಳ್ಳೆ ಬಂದರೆ ಒಂದೊಂದರಲ್ಲಿ ಒಂದೊಂದು ಕಡೆ ಬರಬೇಕು. ಎರಡರಲ್ಲೂ ಒಂದೇ ಕಡೆ ಬಂತು ಅಂದರೆ ತಪ್ಪು ಅಚ್ಚಿನಲ್ಲೇ ಇದೆ. ಯಾರೋ ಒಂದು ಪಿನ್ ಇಟ್ಟು ಅಚ್ಚು ತೆಗೆದು ಹೊಯ್ದಿದ್ದಾರೆ. ಈ ನಕಲಿಗೆ ಸಂಗ್ರಹಕಾರರ ಬಾಯಲ್ಲಿ ‘ಸ್ಕ್ರ್ಯಾಪರ್’ ಅಂತ ಹೆಸರು.

ಅವತ್ತಿನಿಂದ ಪ್ರತಿ ಪಿನ್ನನ್ನೂ ಹೀಗೆ ನೋಡುತ್ತೇನೆ. ಗಡಿಯಾರ ರಿಪೇರಿಯವರ ಹತ್ತು ಪಟ್ಟಿನ ಮಸೂರ ಸಾಕು. ಮೊದಲು ಅಂಚು: ಅಸಲಿಯ ಅಂಚು ಬೆರಳಿಗೆ ನುಣುಪು, ನಕಲಿಯಲ್ಲಿ ಸೀಳು, ಗರಗಸದ ಹಲ್ಲಿನಂಥ ಒರಟು. ಆಮೇಲೆ ಬಣ್ಣ. ಎನಾಮೆಲ್ ಅನ್ನುವ ಈ ಬಣ್ಣದ ಲೇಪದಲ್ಲಿ ಎರಡು ಬಗೆ. ಹಾರ್ಡ್ ಎನಾಮೆಲ್ ಅಂದರೆ ಬಣ್ಣ ತುಂಬಿ ಸುಟ್ಟು ಮೇಲಿಂದ ಉಜ್ಜಿ ಸಪಾಟು ಮಾಡಿದ್ದು, ಉಗುರು ಆಡಿಸಿದರೆ ಲೋಹದ ಗೆರೆ ಎಲ್ಲಿ, ಬಣ್ಣ ಎಲ್ಲಿ ತಿಳಿಯಬಾರದು. ಸಾಫ್ಟ್ ಎನಾಮೆಲ್‌ನಲ್ಲಿ ಬಣ್ಣ ಗುಳಿಯಲ್ಲಿ ಕೆಳಗೆ ಕೂತಿರುತ್ತದೆ, ಉಗುರಿಗೆ ಗೆರೆಗಳು ಒರಟಾಗಿ ತಾಗುತ್ತವೆ. ಎರಡೂ ಅಸಲಿಯೇ ಇರಬಹುದು. ಆದರೆ ಆ ಪಿನ್ ಹಾರ್ಡ್ ಎನಾಮೆಲ್‌ನಲ್ಲೇ ಬಂದದ್ದು ಅಂತ ಗೊತ್ತಿದ್ದು, ಕೈಯಲ್ಲಿರುವುದರಲ್ಲಿ ಗುಳಿ ಇದ್ದರೆ ಮಾತು ಮುಗಿಯಿತು.

ಹಿಂಬದಿಯನ್ನು ಮುಂಬದಿಗಿಂತ ಹೆಚ್ಚು ಹೊತ್ತು ನೋಡಿ. ನಕಲು ಮಾಡುವವನು ಮುಖಕ್ಕೆ ಶ್ರಮಪಡುತ್ತಾನೆ, ಬೆನ್ನಿಗಲ್ಲ. ಅಕ್ಷರಗಳು ಸವೆದ ನಾಣ್ಯದಂತೆ ಮಬ್ಬಾಗಿದ್ದರೆ ಅನುಮಾನಪಡಿ. ಡಿಸ್ನಿಯ ಎಷ್ಟೋ ಪಿನ್ನುಗಳ ಬೆನ್ನಿಗೆ ಮಿಕ್ಕಿ ತಲೆಯ ಜಾಲರಿ ಇರುತ್ತದೆ, ಸಾಮಾನ್ಯವಾಗಿ ಅದು ಅಂಚಿನವರೆಗೂ ಹರಡಿರುತ್ತದೆ. ನಕಲಿಯಲ್ಲಿ ಸುತ್ತ ಒಂದು ಕಟ್ಟು ಬಂದಿರುವುದು ಹೆಚ್ಚು. ಹೊಯ್ದು ತೆಗೆದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಸಣ್ಣದಾಗುತ್ತದೆ, ಯಾಕೆಂದರೆ ಲೋಹ ಆರುವಾಗ ಕುಗ್ಗುತ್ತದೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಗೊತ್ತಿರುವ ಅಸಲಿಯ ಜೊತೆ ಅಳೆದು ನೋಡಿ.

ಹಿತ್ತಾಳೆ ಬಿಲ್ಲೆಯ ನಕಲು ಇನ್ನೂ ತಮಾಷೆ. ಹೊಸದನ್ನೇ ಮಣ್ಣಲ್ಲಿ ಹೂತು, ಏನೇನೋ ಬಳಿದು ‘ಹಳೆಯದು’ ಮಾಡುತ್ತಾರೆ. ಕಪ್ಪು, ಹಸಿರು ಎಲ್ಲ ಕಡೆ ಒಂದೇ ಸಮ ಇದ್ದರೆ ನಂಬಬೇಡಿ. ಮೂವತ್ತು ವರ್ಷ ಎದೆಯ ಮೇಲೆ ಇದ್ದ ಬಿಲ್ಲೆ ಉಬ್ಬಿದ ಅಕ್ಷರಗಳ ನೆತ್ತಿಯಲ್ಲಿ ಸವೆದಿರುತ್ತದೆ, ಸಂದಿಯಲ್ಲಿ ಕಪ್ಪು ಉಳಿದಿರುತ್ತದೆ. ಬೆನ್ನು ಅಂಗಿಗೆ ತಿಕ್ಕಿ ತಿಕ್ಕಿ ನುಣುಪಾಗಿರುತ್ತದೆ. ಬೆನ್ನು ಒರಟು, ಮುಖ ಮಾತ್ರ ಸವೆದಿದೆ ಅಂದರೆ ಅದನ್ನು ಯಾರೂ ಹಚ್ಚಿಕೊಂಡಿಲ್ಲ.

ಆ ಐವತ್ತು ಪಿನ್ ಏನಾದವು ಅಂತ ಕೇಳುತ್ತೀರಿ. ನಲವತ್ತೆಂಟನ್ನು ಓಣಿಯ ಹುಡುಗರಿಗೆ ಹಂಚಿದೆ. ಗುಳಿಯ ಜೋಡಿಯನ್ನು ಹೊಸಬರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ತೊಳೆಯುವುದು ಕಡಿಮೆ, ಇಡುವುದು ಜೋಪಾನ

ಗಿಲೀಟು ಹಾಕಿದ ಪಿನ್ನಿಗೆ ಬ್ರಾಸೋ ಹಚ್ಚಿದರೆ ಗಿಲೀಟೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಮೆತ್ತನೆಯ ಬ್ರಷ್ಷು, ಸ್ವಲ್ಪ ಉಗುರುಬೆಚ್ಚಗಿನ ನೀರು, ತಕ್ಷಣ ಒರೆಸಿ ಫ್ಯಾನಿನ ಕೆಳಗೆ ಒಣಗಿಸುವುದು, ಅಷ್ಟೇ ಸಾಕು. ಹಳೆಯ ಹಿತ್ತಾಳೆ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿದವರನ್ನು ಕಂಡಿದ್ದೇನೆ. ದೇವರಮನೆಯ ದೀಪದ ಸಮೆಗೆ ಅದು ಸರಿ, ಸಂಗ್ರಹದ ಬಿಲ್ಲೆಗೆ ಅಲ್ಲ. ಕೊಳ್ಳುವವನಿಗೆ ಆ ಕಪ್ಪೇ ಬೇಕು.

ಪಿವಿಸಿ ಹಾಳೆಯ ಆಲ್ಬಮ್ಮಿನಲ್ಲಿ ಇಡಬೇಡಿ. ಪಿವಿಸಿ ಕಾಲಕ್ರಮೇಣ ಆಮ್ಲ ಬಿಟ್ಟು ತಾಮ್ರ-ಹಿತ್ತಾಳೆಯ ಮೇಲೆ ಹಸಿರು ಜಿಗುಟು ಕೂರಿಸುತ್ತದೆ. ಹುಬ್ಬಳ್ಳಿಯಲ್ಲಿ ಧೂಳಿನ ಕಾಟ, ಧಾರವಾಡದಲ್ಲಿ ಮಳೆಗಾಲದ ತೇವದ ಕಾಟ. ಮುಚ್ಚಳ ಗಟ್ಟಿ ಇರುವ ಡಬ್ಬಿ, ಒಳಗೆ ಫೋಮ್ ಹಾಳೆ, ಎರಡು ಸಿಲಿಕಾ ಜೆಲ್ ಪುಡಿಕೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪುಡಿಕೆಯೇ ಸಾಕು.

ಫೋಟೋ, ವಿವರ, ಬೆಲೆ

ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲೆ ಇಟ್ಟು ತೆಗೆಯಿರಿ. ಮುಂಬದಿ, ಹಿಂಬದಿ, ಅಂಚು, ಗೀರು ಇದ್ದರೆ ಗೀರು. ಪಕ್ಕದಲ್ಲಿ ಅಳತೆಪಟ್ಟಿ. ಗೀರು ಮುಚ್ಚಿಟ್ಟು ಮಾರಿದರೆ ಪಿನ್ ತಿರುಗಿ ಬರುತ್ತದೆ, ಅಂಚೆ ಖರ್ಚು ಎರಡು ಸಲ ನಿಮ್ಮದಾಗುತ್ತದೆ. ವಿವರದಲ್ಲಿ ‘ಅಪರೂಪದ’, ‘ಅದ್ಭುತ’ ಅಂತ ಬರೆಯುವ ಬದಲು ಅಳತೆ ಎಷ್ಟು ಮಿಲಿಮೀಟರು, ಯಾವ ಲೋಹ, ಬೆನ್ನಲ್ಲಿ ಏನು ಒತ್ತಿದೆ, ಎಲ್ಲಿಂದ ಬಂತು ಅಂತ ಬರೆಯಿರಿ. ಸಂಗ್ರಹಕಾರ ಓದುವುದು ಅದನ್ನೇ.

ಬೆಲೆ ಹಾಕುವಾಗ ಕೊಂಡದ್ದರ ಜೊತೆ ಕಮಿಷನ್ನು, ಅಂಚೆ, ಡಬ್ಬಿ, ಹೋಗಿಬಂದ ಪೆಟ್ರೋಲು ಎಲ್ಲ ಸೇರಿಸಿ. ಮುನ್ನೂರೈವತ್ತಕ್ಕೆ ಕೊಂಡು ಏಳುನೂರಕ್ಕೆ ಮಾರಿದರೆ ದುಪ್ಪಟ್ಟಾಯಿತು ಅಂತ ಅನಿಸುತ್ತದೆ. ಈ ಖರ್ಚೆಲ್ಲ ಕಳೆದು ನೋಡಿದರೆ ಕೈಯಲ್ಲಿ ನೂರೈವತ್ತು ಉಳಿಯುವುದೂ ಕಷ್ಟ. ಮೂರು ಪಟ್ಟಿಗೆ ಹೋಗದ ಪಿನ್ನನ್ನು ನಾನು ಈಗ ಮುಟ್ಟುವುದಿಲ್ಲ.

ಮಾರುವುದು ಎಲ್ಲಿ, ಕಾಗದಪತ್ರ ಏನು

ಮೊದಲು ಊರೊಳಗೆ, ರಾಜ್ಯದೊಳಗೆ ಮಾರಿ. ಇದು ಅಭಿಮಾನದ ಮಾತಲ್ಲ, ತೆರಿಗೆಯ ಮಾತು. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರಿನಿಂದ ಆನ್‌ಲೈನ್ ಮಾರುಕಟ್ಟೆಗಳ ಮೂಲಕವೂ ನೋಂದಣಿಯಿಲ್ಲದ ಸಣ್ಣವರು ರಾಜ್ಯದೊಳಗೆ ಮಾರಬಹುದು. ಆದರೆ ಸೊಲ್ಲಾಪುರಕ್ಕೋ ಪಣಜಿಗೋ ವ್ಯಾಪಾರವಾಗಿ ಒಂದು ಪಿನ್ ಕಳಿಸಿದರೂ ನೋಂದಣಿ ಬೇಕು, ವಿದೇಶಕ್ಕೂ ಹಾಗೆಯೇ. ನೋಂದಣಿ ಮಾಡಿಸಿದ ಮೇಲೆ ನಿಮ್ಮ ಸಿಎಗೆ ‘ಮಾರ್ಜಿನ್ ಸ್ಕೀಮ್’ ಬಗ್ಗೆ ಕೇಳಿ. ಬಳಸಿದ ವಸ್ತು ಕೊಂಡು ಮಾರುವವರು ಇಡೀ ಬೆಲೆಯ ಮೇಲಲ್ಲ, ಕೊಂಡ ಬೆಲೆ-ಮಾರಿದ ಬೆಲೆಯ ಅಂತರದ ಮೇಲೆ ತೆರಿಗೆ ಕಟ್ಟುವ ಅವಕಾಶ ಅದರಲ್ಲಿದೆ. ಹವ್ಯಾಸ ಅಂತ ಹೇಳಿಕೊಂಡರೂ ತಿಂಗಳು ತಿಂಗಳು ಕೊಂಡು ಮಾರುತ್ತಿದ್ದರೆ ಆದಾಯ ತೆರಿಗೆಯವರ ಲೆಕ್ಕದಲ್ಲಿ ಅದು ವ್ಯಾಪಾರ.

ಧಾರವಾಡದ ಗಿರಾಕಿಗಳಿಗೆ ನಾನು ಅಂಚೆಗೆ ಹಾಕುವುದೇ ಇಲ್ಲ. ಚಿಗರಿ ಬಸ್ಸು ಹತ್ತಿ ಜ್ಯುಬಿಲಿ ಸರ್ಕಲ್ಲಿನಲ್ಲಿ ಇಳಿದು ಕೈಗೇ ಕೊಟ್ಟು, ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು ಬರುತ್ತೇನೆ. ಆ ದಿನದ ಲಾಭ ಎಷ್ಟೋ ಸಲ ಪೇಡೆಯಲ್ಲೇ ಮುಗಿಯುತ್ತದೆ, ಇರಲಿ. ಗಿರಾಕಿಯ ಮುಖ ನೋಡಿದರೆ ಅವನ ಬಳಿ ಇನ್ನೇನಿದೆ, ಇನ್ನೇನು ಹುಡುಕುತ್ತಿದ್ದಾನೆ ಅನ್ನುವುದು ತಿಳಿಯುತ್ತದೆ. ಒಬ್ಬರು ನಿವೃತ್ತ ಮೇಷ್ಟ್ರು ಬರೀ ಸ್ಕೌಟ್ ಬ್ಯಾಡ್ಜು ಕೂಡಿಸುತ್ತಾರೆ, ಮತ್ತೊಬ್ಬರಿಗೆ ಆನೆ ಇರುವುದು ಏನಾದರೂ ಆಗಬೇಕು. ಇಂಥ ಹತ್ತು ಹೆಸರು ನೋಟ್‌ಬುಕ್ಕಿನಲ್ಲಿದ್ದರೆ, ಮೋಡಕಾ ಅಂಗಡಿಯಲ್ಲಿ ಪಿನ್ ಕಂಡ ಕೂಡಲೇ ಅದನ್ನು ಯಾರಿಗೆ ಮಾರಬೇಕು ಅಂತ ಹೊಳೆಯುತ್ತದೆ. ಯಾರ ಹೆಸರೂ ಹೊಳೆಯಲಿಲ್ಲ ಅಂದರೆ ನಾನು ಕೊಳ್ಳುವುದಿಲ್ಲ.

ಹೊರದೇಶಕ್ಕೆ ಮಾರುವ ಹಂತಕ್ಕೆ ಬಂದಾಗ: ಈಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು, ಆದರೆ ಅಂತಾರಾಷ್ಟ್ರೀಯ ತಾಣದಲ್ಲಿ ಇಲ್ಲಿಂದ ಮಾರುವುದಕ್ಕೆ ಅಡ್ಡಿಯಿಲ್ಲ. ಐಇಸಿ ಸಂಖ್ಯೆಗೆ ಡಿಜಿಎಫ್‌ಟಿ ತಾಣದಲ್ಲಿ ಪ್ಯಾನ್ ಕೊಟ್ಟು 500 ರೂಪಾಯಿ ಕಟ್ಟಿದರೆ ಆಯಿತು, ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ. ವರ್ಷಕ್ಕೊಮ್ಮೆ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರ ಖಾತ್ರಿ ಮಾಡಬೇಕು, ಮರೆತರೆ ಅದು ನಿಷ್ಕ್ರಿಯವಾಗುತ್ತದೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ (ಅಂಚೆ ಕಚೇರಿಯ ರಫ್ತು ಕೇಂದ್ರ) ಮೂಲಕ ಕಸ್ಟಮ್ಸ್ ಕಾಗದ ಮಾಡಿಸಿ ಕಳಿಸಬಹುದು. ಪೇಪಾಲ್ 2021ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಊರೊಳಗಿನ ವ್ಯವಹಾರಕ್ಕೆ ಯುಪಿಐ ಇದ್ದೇ ಇದೆ. ಉದ್ರಿ ಮಾತ್ರ ಬೇಡ, ಎಷ್ಟೇ ಪರಿಚಯದವರಿರಲಿ.

ಪೊಟ್ಟಣ ಕಟ್ಟುವುದು

ಪಿನ್ನಿನ ಮುಳ್ಳು ಲಕೋಟೆ ಹರಿದುಕೊಂಡು ಹೊರಬರುತ್ತದೆ. ನನ್ನ ಮೊದಲ ಪಾರ್ಸೆಲ್ ಹಾವೇರಿಗೆ ಖಾಲಿ ಲಕೋಟೆಯಾಗಿ ತಲುಪಿತು, ಮೂಲೆಯಲ್ಲಿ ಒಂದು ಸಣ್ಣ ತೂತು. ರಟ್ಟಿಗೆ ಚುಚ್ಚಿ, ಹಿಂದೆ ರಬ್ಬರಿನ ಬಿರಡೆ ಹಾಕಿ, ಆ ಬಿರಡೆಯ ಮೇಲೆ ಇನ್ನೊಂದು ರಟ್ಟು ಕೂರಿಸಿ ಟೇಪು ಸುತ್ತಿ. ಆಮೇಲೆ ಗಟ್ಟಿ ಡಬ್ಬಿ. ರಟ್ಟಿಗೆ ದುಡ್ಡು ಹಾಕಬೇಕಿಲ್ಲ. ಗದಗಿನಲ್ಲಿ ನನ್ನ ಅಳಿಯನ ಪರಿಚಯದ ಪ್ರೆಸ್ಸಿದೆ. ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ಹಾಳೆಯ ತುಂಡುಗಳನ್ನು ಅವರು ಚೀಲದಲ್ಲಿ ತುಂಬಿ ಕೊಡುತ್ತಾರೆ. ಕೆಲವದರ ಮೂಲೆಯಲ್ಲಿ ಅರ್ಧ ಗಣಪತಿ ಉಳಿದಿರುತ್ತಾನೆ. ಅಮೆರಿಕದ ಒಬ್ಬ ಗಿರಾಕಿ ಆ ರಟ್ಟಿನ ಫೋಟೋ ಕಳಿಸಿ, ಇದೂ ಸಂಗ್ರಹಕ್ಕೆ ಸೇರಿದ್ದೇ ಅಂತ ಕೇಳಿದ್ದ. ಮುಂದಿನ ಪೊಟ್ಟಣದಲ್ಲಿ ಇಡೀ ಗಣಪತಿಯನ್ನೇ ಹಾಕಿದೆ.

ಮಾರಾಟವಾಗದೆ ಉಳಿದದ್ದು

ಉಳಿಯುತ್ತದೆ, ಎಲ್ಲರಿಗೂ ಉಳಿಯುತ್ತದೆ. ಆರು ತಿಂಗಳಿಗೊಮ್ಮೆ ಡಬ್ಬಿ ಬಿಚ್ಚಿ, ಒಬ್ಬರೂ ವಿಚಾರಿಸದ ಪಿನ್ನುಗಳನ್ನು ಬೇರೆ ಮಾಡಿ. ಹತ್ತು ಪಿನ್ ಸೇರಿಸಿ ಒಂದು ಕಟ್ಟು ಮಾಡಿ, ಕೊಂಡ ಬೆಲೆಗೇ ಕೊಟ್ಟುಬಿಡಿ. ಕಟ್ಟಿನಲ್ಲಿ ಒಂದಾದರೂ ಒಳ್ಳೆಯ ಪಿನ್ ಇರಲಿ, ಇಲ್ಲದಿದ್ದರೆ ಅದೂ ಕೂರುತ್ತದೆ. ಬಂದ ದುಡ್ಡನ್ನು ಅದೇ ವಾರ ಖರ್ಚು ಮಾಡದೆ ಮುಂದಿನ ಟ್ರೇಗೆ ಇಡಿ. ನನ್ನ ಡಬ್ಬಿಯಲ್ಲಿ ಈಗ ಹಾಗೆ ಉಳಿದವು ಅರವತ್ತೆರಡು ಇವೆ, ಅದರಲ್ಲಿ ಮಿಶಾ ಕರಡಿಗಳೇ ಹನ್ನೊಂದು.